ಟಿ.ವಿ. ರೆಕಾರ್ಡರಿನ ಹಾರ್ಡ್ ಡಿಸ್ಕ್: ಬದಲಿಸುವುದೋ, ಬಿಸಾಡುವುದೋ?

(ಹೊಳೆನರಸೀಪುರದಲ್ಲಿ ಹಾಸನ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಿಂದಲೂ ಬಂದಿದ್ದ ರೈತರು ಹಾಗೂ ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)



ಮಣ್ಣು, ಬೆಳೆ, ಬೀಜಗಳ ವಿಷಯಕ್ಕೆ ನನ್ನನ್ನು ಕರೆಯುವುದು ವಾಡಿಕೆ. ಈ ಸಲ ಇ-ತ್ಯಾಜ್ಯದ ಬಗ್ಗೆ ಮಾತನಾಡಬೇಕೆಂದು ಸೂಚನೆ ಬಂದಿದೆ. ಇ-ತ್ಯಾಜ್ಯವೆಂದೊಡನೆ ದೆಹಲಿಯ ಸೀಲಂಪುರದ ಗುಜರಿ ರಾಶಿಗಳನ್ನೋ, ಆಫ್ರಿಕದ ಯಾವುದೋ ಬಂದರನ್ನೋ ವರ್ಣಿಸಿ ಕೈತೊಳೆದುಕೊಳ್ಳುವುದು ಸುಲಭ. ಅದರಿಂದ ಇಲ್ಲಿ ಕುಳಿತವರಿಗೆ ಆಗುವ ಉಪಯೋಗ ಕಡಿಮೆ. ಆದ್ದರಿಂದ ಒಂದೇ ಒಂದು ವಸ್ತುವನ್ನು ಎತ್ತಿಕೊಂಡಿದ್ದೇನೆ. ಮನೆಯ ಟಿ.ವಿ.ಯ ಪಕ್ಕದಲ್ಲಿ ಕೂರುವ, ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳುವ ರೆಕಾರ್ಡರ್ ಪೆಟ್ಟಿಗೆ. ಅದರೊಳಗೆ ತಿರುಗುವ ಹಾರ್ಡ್ ಡಿಸ್ಕ್. ಅದು ಕೆಟ್ಟಾಗ ಏನು ಮಾಡಬೇಕು ಎಂಬುದೇ ನನ್ನ ವಿಷಯ.

ಈ ವಿಷಯಕ್ಕೆ ಹಾಸನದಷ್ಟು ಹತ್ತಿರದ ಊರು ಇನ್ನೊಂದಿಲ್ಲ. ಸಾಲಗಾಮೆ ರಸ್ತೆಯಲ್ಲಿ ಹೋಗುವಾಗ ದೊಡ್ಡ ದೊಡ್ಡ ಬಿಳಿಯ ಛತ್ರಿಗಳು ಆಕಾಶಕ್ಕೆ ಮುಖ ಮಾಡಿ ನಿಂತಿರುವುದನ್ನು ನೀವೆಲ್ಲ ಕಂಡಿದ್ದೀರಿ. ಅದು ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. 1982ರಲ್ಲಿ ಇನ್ಸಾಟ್-1ಎ ಉಪಗ್ರಹಕ್ಕಾಗಿ ಆರಂಭವಾದದ್ದು. 2005ರಲ್ಲಿ ಭೋಪಾಲದಲ್ಲಿ ಇದರ ಜೊತೆಗಾರ ಕೇಂದ್ರವೊಂದು ಬಂದಿತಾದರೂ, ದೇಶದ ಭೂಸ್ಥಿರ ಉಪಗ್ರಹಗಳ ಪಾಲನೆಯಲ್ಲಿ ಹಾಸನದ ಹೆಸರೇ ಹಿರಿದು. ಟಿ.ವಿ. ಕಾರ್ಯಕ್ರಮಗಳು ಇಲ್ಲಿಂದ ಹೊರಡುತ್ತವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ, ಹಾಗಲ್ಲ. ಕಾರ್ಯಕ್ರಮವನ್ನು ಮೇಲಕ್ಕೆ ಕಳುಹಿಸುವ ಕೇಂದ್ರಗಳು ಬೇರೆ ಬೇರೆ ಕಡೆ ಇವೆ. ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹವು ತನ್ನ ಸ್ಥಾನದಿಂದ ಸರಿಯದಂತೆ, ಮುಖ ತಿರುಗಿಸದಂತೆ ನೋಡಿಕೊಳ್ಳುವುದು ಹಾಸನದ ಕೆಲಸ. ಆ ಕೆಲಸ ನಡೆಯುತ್ತಿರುವುದರಿಂದಲೇ ನಿಮ್ಮ ಸೂರಿನ ಮೇಲಿನ ಡಿಶ್ಶನ್ನು ಒಮ್ಮೆ ತಿರುಗಿಸಿ ಬಿಗಿದರೆ ವರ್ಷಗಟ್ಟಲೆ ಮುಟ್ಟಬೇಕಾಗಿಲ್ಲ.

ಆಕಾಶದಲ್ಲಿ ಕೆಟ್ಟದ್ದನ್ನು ರಿಪೇರಿ ಮಾಡಲು ಬರುವುದಿಲ್ಲ ಎಂಬುದನ್ನು ಹಾಸನದ ಕೇಂದ್ರವು ತನ್ನ ಮೊದಲ ವರ್ಷದಲ್ಲಿಯೇ ಅನುಭವಿಸಿತು. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ, ಅದೇ ಸೆಪ್ಟೆಂಬರ್‌ನಲ್ಲಿ ಇಂಧನವನ್ನೆಲ್ಲ ಕಳೆದುಕೊಂಡು ನಿರುಪಯೋಗಿಯಾಯಿತು. 1983ರ ಆಗಸ್ಟ್‌ನಲ್ಲಿ ಹೋದ ಇನ್ಸಾಟ್-1ಬಿ ದೇಶದ ಟಿ.ವಿ. ಜಾಲಕ್ಕೆ ಆಧಾರವಾಯಿತು. ಬಹಳ ಕಾಲಾನಂತರ, 2010ರ ಜುಲೈನಲ್ಲಿ ಇನ್ಸಾಟ್-4ಬಿ ಉಪಗ್ರಹದ ಸೌರಫಲಕದ ವಿದ್ಯುತ್ ವ್ಯವಸ್ಥೆಯಲ್ಲಿ ದೋಷ ಕಂಡು, ಅದರ ಟ್ರಾನ್ಸ್‌ಪಾಂಡರುಗಳಲ್ಲಿ ಅರ್ಧದಷ್ಟನ್ನು ನಿಲ್ಲಿಸಬೇಕಾಯಿತು. ಒಂದು ತಂತಿಯನ್ನು ಬಿಗಿಮಾಡಲೂ ಅಲ್ಲಿಗೆ ಯಾರೂ ಹೋಗುವಂತಿರಲಿಲ್ಲ. ಒಂದು ಡಿ.ಟಿ.ಎಚ್. ಸೇವೆಯು ವಿದೇಶಿ ಉಪಗ್ರಹಕ್ಕೆ ವರ್ಗವಾಗಬೇಕಾಗಿ ಬಂದುದರಿಂದ ಸಾವಿರಾರು ಮನೆಗಳ ಡಿಶ್‌ಗಳನ್ನು ಮತ್ತೆ ತಿರುಗಿಸಬೇಕಾಯಿತು. ಅದೇ ಇನ್ಸಾಟ್-4ಬಿ ತನ್ನ ಆಯುಸ್ಸನ್ನು ಮುಗಿಸಿದಾಗ, 2022ರ ಜನವರಿಯಲ್ಲಿ, ಉಳಿದಿದ್ದ ಇಂಧನವನ್ನು ಬಳಸಿ ಅದನ್ನು ಭೂಸ್ಥಿರ ಕಕ್ಷೆಗಿಂತ ಸುಮಾರು 340 ಕಿಲೋಮೀಟರ್ ಮೇಲಕ್ಕೆ ತಳ್ಳಿ, ಇತರ ಉಪಗ್ರಹಗಳಿಗೆ ಅಡ್ಡಿಯಾಗದಂತೆ ಬಿಡಲಾಯಿತು. ಸತ್ತ ಉಪಗ್ರಹವನ್ನು ಎಲ್ಲಿ ಇಡಬೇಕೆಂಬುದಕ್ಕೂ ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ, ಅದನ್ನು ಪಾಲಿಸಲಾಗಿದೆ. ಅದೇ ಉಪಗ್ರಹದ ಚಿತ್ರವನ್ನು ನಮ್ಮ ಮನೆಯಲ್ಲಿ ಹಿಡಿದು ತೋರಿಸಿದ ಪೆಟ್ಟಿಗೆ ಮಾತ್ರ ಕೆಟ್ಟ ಮರುದಿನ ತಿಪ್ಪೆಯ ಪಕ್ಕದಲ್ಲಿ ಬಿದ್ದಿರುತ್ತದೆ.

ನಮ್ಮ ದೇಶದಲ್ಲಿ ಡಿ.ಟಿ.ಎಚ್. ಪೆಟ್ಟಿಗೆಯೊಳಗೇ ಹಾರ್ಡ್ ಡಿಸ್ಕ್ ಇರಿಸಿ ಮಾರುವುದು 2008ರ ಸುಮಾರಿಗೆ ವ್ಯಾಪಕವಾಯಿತು. ಅದಕ್ಕೂ ಮೊದಲು ಹೊರದೇಶದಲ್ಲಿರುವ ಬಂಧುಗಳು ತಂದುಕೊಟ್ಟ ಡಿವಿಡಿ ರೆಕಾರ್ಡರುಗಳು ಕೆಲವೇ ಮನೆಗಳಲ್ಲಿದ್ದವು. ಕೇಬಲ್ ಟಿ.ವಿ.ಯ ಡಿಜಿಟಲೀಕರಣವು 2012ರಲ್ಲಿ ಮಹಾನಗರಗಳಿಂದ ಆರಂಭವಾಗಿ, 2017ರ ಮಾರ್ಚ್ ಅಂತ್ಯದ ಗಡುವಿನೊಂದಿಗೆ ಹಳ್ಳಿಗಳನ್ನೂ ತಲುಪಿದಾಗ ಪ್ರತಿ ಟಿ.ವಿ.ಗೂ ಒಂದು ಪೆಟ್ಟಿಗೆ ಕಡ್ಡಾಯವಾಯಿತು. ಸರ್ಕಾರದ ಒಂದು ಆದೇಶದಿಂದ ಕೋಟ್ಯಂತರ ಪೆಟ್ಟಿಗೆಗಳು ಮನೆ ಸೇರಿದವು. ಅವು ಹೊರಬರುವ ದಾರಿಯ ಬಗ್ಗೆ ಆ ಹೊತ್ತಿನಲ್ಲಿ ಚರ್ಚೆಯೇ ನಡೆಯಲಿಲ್ಲವೆಂಬುದು ನನ್ನ ತಕರಾರು. ಈಗ ಮೊಬೈಲಿನಲ್ಲಿಯೇ ಬೇಕಾದುದನ್ನು ಬೇಕಾದಾಗ ನೋಡುವ ಅಭ್ಯಾಸ ಬಂದಿರುವುದರಿಂದ ರೆಕಾರ್ಡರುಗಳು ಹಳತಾಗುತ್ತಿವೆ. ಆದರೆ ಡಿವಿಆರ್ ಎಂಬ ಹೆಸರು ನಮ್ಮಲ್ಲಿ ಇನ್ನೊಂದು ದಾರಿಯಿಂದ ಬಂದು ಕುಳಿತಿದೆ. ಆನೆ ಕಾಟಕ್ಕೆ, ಕಾಫಿ ಕಣದ ಕಳವಿಗೆ, ಅಡಿಕೆ ಮೆಳೆಯ ಕಾವಲಿಗೆ ಕ್ಯಾಮೆರಾ ಹಾಕಿಸುವವರು ಹೆಚ್ಚಿದ್ದಾರೆ. ಆ ಕ್ಯಾಮೆರಾಗಳ ರೆಕಾರ್ಡರಿನಲ್ಲಿಯೂ ಇದೇ ಜಾತಿಯ ಡಿಸ್ಕ್ ತಿರುಗುತ್ತದೆ. ಆದ್ದರಿಂದ ಇಂದು ಹೇಳುವುದು ಅವರಿಗೂ ಅನ್ವಯಿಸುತ್ತದೆ.

ಹಾರ್ಡ್ ಡಿಸ್ಕ್ ಎಂದರೆ ಮೂಲತಃ ಕನ್ನಡಿಯಂತೆ ನಯವಾದ ಬಿಲ್ಲೆ. ಅಲ್ಯೂಮಿನಿಯಂ ಅಥವಾ ಗಾಜಿನ ಬಿಲ್ಲೆಯ ಮೇಲೆ ಕೋಬಾಲ್ಟ್, ಕ್ರೋಮಿಯಂ, ಪ್ಲಾಟಿನಂ ಮಿಶ್ರಲೋಹದ ಅತಿ ತೆಳುವಾದ ಕಾಂತೀಯ ಪದರವಿರುತ್ತದೆ. ನಿಮಿಷಕ್ಕೆ 5,400 ಸುತ್ತು ತಿರುಗುವ ಡಿಸ್ಕ್ ಇಡೀ ದಿನ ನಿಲ್ಲದೆ ಓಡಿದರೆ 77 ಲಕ್ಷಕ್ಕೂ ಹೆಚ್ಚು ಸುತ್ತು ಹಾಕುತ್ತದೆ. ಓದುವ ತಲೆಯು ಬಿಲ್ಲೆಯನ್ನು ಮುಟ್ಟದೆ, ನಮ್ಮ ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಅಂತರದಲ್ಲಿ ತೇಲುತ್ತಿರುತ್ತದೆ. ಒಂದು ಧೂಳಿನ ಕಣವೂ ಆ ಅಂತರಕ್ಕೆ ಹೋಲಿಸಿದರೆ ಬಂಡೆಗಲ್ಲು. ತಲೆಯನ್ನು ಹೊತ್ತ ತೋಳನ್ನು ಆಡಿಸುವುದು ನಿಯೋಡೈಮಿಯಂ ಎಂಬ ವಿರಳ ಲೋಹದ ಪ್ರಬಲ ಅಯಸ್ಕಾಂತ.

ಕಂಪ್ಯೂಟರಿನ ಡಿಸ್ಕಿಗೂ ರೆಕಾರ್ಡರಿನ ಡಿಸ್ಕಿಗೂ ಜೀವನಕ್ರಮವೇ ಬೇರೆ. ಕಂಪ್ಯೂಟರಿನದು ಕೆಲಸ ಬಂದಾಗ ಬರೆಯುತ್ತದೆ, ಮಿಕ್ಕ ಹೊತ್ತು ವಿರಮಿಸುತ್ತದೆ. ರೆಕಾರ್ಡರ್ ಹಾಗಲ್ಲ. ನೀವು ಯಾವ ಕಾರ್ಯಕ್ರಮವನ್ನೂ ಮುದ್ರಿಸಿಕೊಳ್ಳಲು ಹೇಳದಿದ್ದರೂ, ಚಾಲೂ ಇರುವಷ್ಟು ಹೊತ್ತು ಅದು ನೋಡುತ್ತಿರುವ ಚಾನೆಲನ್ನು ಬರೆದುಕೊಳ್ಳುತ್ತಲೇ ಇರುತ್ತದೆ. ನಡುವೆ ಎದ್ದುಹೋಗಿ ಬಂದು, ಬಿಟ್ಟ ಕಡೆಯಿಂದ ಮತ್ತೆ ನೋಡಲು ಆಗುವುದು ಅದರಿಂದಲೇ. ಲೆಕ್ಕ ಹಾಕೋಣ. ಎಚ್.ಡಿ. ಚಾನೆಲೊಂದು ಸೆಕೆಂಡಿಗೆ 8 ಮೆಗಾಬಿಟ್‌ನಂತೆ ಬಂದರೆ ಗಂಟೆಗೆ 3.6 ಜಿ.ಬಿ., ದಿನಕ್ಕೆ 86 ಜಿ.ಬಿ., ವರ್ಷಕ್ಕೆ 31 ಟಿ.ಬಿ. ಆಗುತ್ತದೆ. ರಾತ್ರಿ ಪೆಟ್ಟಿಗೆಯನ್ನು ಆರಿಸದ ಮನೆಗಳಲ್ಲಿ ಬಹುಪಾಲು ಯಾರೂ ನೋಡದ ಚಿತ್ರಕ್ಕಾಗಿ ಡಿಸ್ಕ್ ಸವೆಯುತ್ತದೆ. ಜೊತೆಗೆ ವಿದ್ಯುತ್ತು. ಡಿಸ್ಕೊಂದೇ 5 ವ್ಯಾಟ್ ತೆಗೆದುಕೊಂಡರೂ ವರ್ಷಕ್ಕೆ ಸುಮಾರು 44 ಯೂನಿಟ್.

ನಮ್ಮ ಸೀಮೆಯಲ್ಲಿ ಈ ಪೆಟ್ಟಿಗೆಗಳಿಗೆ ಇನ್ನೂ ಕೆಲವು ಶತ್ರುಗಳಿವೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು; ಪಂಪ್‌ಸೆಟ್ಟುಗಳು ಒಟ್ಟಿಗೆ ಚಾಲೂ ಆದಾಗ ಕುಸಿಯುವ ವೋಲ್ಟೇಜು; ಹೋಗಿ ಬಂದು ಹೋಗಿ ಬರುವ ಕರೆಂಟು. ಬೆಚ್ಚಗಿರುತ್ತದೆಂದು ಗಾಳಿಕಿಂಡಿಯಿಂದ ಒಳಹೊಕ್ಕು ಸಂಸಾರ ಹೂಡುವ ಹಲ್ಲಿ, ಇರುವೆಗಳು. ಟಿ.ವಿ.ಗೆ ಹೊದಿಸುವ ಕಸೂತಿ ಬಟ್ಟೆಯನ್ನು ಪೆಟ್ಟಿಗೆಗೂ ಹೊದಿಸುವ ಅಕ್ಕರೆಯೂ ಇದೇ ಪಟ್ಟಿಗೆ ಸೇರಬೇಕು. ತಾಯಂದಿರು ಕೋಪಿಸಿಕೊಳ್ಳಬಾರದು, ಶಾಖ ಹೊರಹೋಗದಿದ್ದರೆ ಡಿಸ್ಕಿನ ಆಯುಸ್ಸು ಕುಗ್ಗುತ್ತದೆ.

ಇನ್ನು, ಕೆಟ್ಟಿರುವುದು ಡಿಸ್ಕೇ ಹೌದೋ ಎಂದು ಗುರುತಿಸುವುದು. ಇದು ಬಹಳ ಮುಖ್ಯ. ಏಕೆಂದರೆ ಒಳ್ಳೆಯ ಡಿಸ್ಕನ್ನು ಎಸೆದು ಹೊಸದನ್ನು ಕೊಂಡವರು ಅನೇಕರು. ಮಳೆಗಾಲದಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದರೆ ಅದು ಡಿಸ್ಕಿನ ದೋಷವಲ್ಲ. ಡಿ.ಟಿ.ಎಚ್. ಬಳಸುವ ಕು-ಬ್ಯಾಂಡ್ ತರಂಗಗಳನ್ನು ದಟ್ಟ ಮಳೆಯ ಹನಿಗಳು ಹೀರಿಕೊಳ್ಳುತ್ತವೆ. ಆಗ ಮುದ್ರಿಸಿಕೊಂಡ ಕಾರ್ಯಕ್ರಮದಲ್ಲಿಯೂ ಆ ಒಡಕು ಹಾಗೆಯೇ ಉಳಿಯುತ್ತದೆ. ನೇರ ಪ್ರಸಾರ ಚೆನ್ನಾಗಿ ಬರುತ್ತಿದ್ದು, ಬಿಸಿಲಿನ ದಿನ ಮುದ್ರಿಸಿದ ಕಾರ್ಯಕ್ರಮ ಮಾತ್ರ ಪ್ರತಿ ಸಲವೂ ಒಂದೇ ಜಾಗದಲ್ಲಿ ತಡವರಿಸಿದರೆ ಅಲ್ಲಿ ಬಿಲ್ಲೆಯ ಮೇಲೆ ಕೆಟ್ಟ ಭಾಗವಿದೆಯೆಂದು ತಿಳಿಯಬೇಕು. ಒಂದೇ ಲಯದಲ್ಲಿ ಟಕ್ ಟಕ್ ಎಂಬ ಸದ್ದು ಬಂದರೆ ತಲೆಯು ತನ್ನ ದಾರಿಯನ್ನು ಹುಡುಕಿ ಸೋಲುತ್ತಿದೆ ಎಂದರ್ಥ. ಆ ಡಿಸ್ಕಿನ ದಿನಗಳು ಮುಗಿದಿವೆ. ಪೆಟ್ಟಿಗೆ ತಾನಾಗಿಯೇ ಆರಿ ಹತ್ತುತ್ತಿದ್ದರೆ ಮೊದಲು ವಿದ್ಯುತ್ ಪೂರೈಸುವ ಭಾಗವನ್ನು ನೋಡಬೇಕು. ಅಲ್ಲಿ ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಕೆಲವೇ ರೂಪಾಯಿಗಳ ಆ ಒಂದು ಬಿಡಿಭಾಗವನ್ನು ಬದಲಿಸಿದರೆ ಸಾಕಾಗುವುದುಂಟು. ಊರಿನ ರೇಡಿಯೋ ರಿಪೇರಿಯವರು ಇದನ್ನು ಕಣ್ಣಿಂದಲೇ ಹೇಳಬಲ್ಲರು. ಅಂಥವರ ಅಂಗಡಿಗಳು ಒಂದೊಂದಾಗಿ ಮೊಬೈಲ್ ಕವರ್ ಮಾರುವ ಅಂಗಡಿಗಳಾಗುತ್ತಿರುವುದು ಬೇರೆ ಮಾತು.

ಇಲ್ಲಿ ನಮ್ಮ ಮನೆಯದೇ ಒಂದು ಪ್ರಸಂಗವನ್ನು ಹೇಳುವುದು ಅವಶ್ಯ. ನಮ್ಮ ಪಕ್ಕದ ಊರಿನ ಹಿರಿಯ ಬೇಸಾಯಗಾರರೊಬ್ಬರು ರಾಜಮುಡಿ ಭತ್ತದ ಬೀಜವನ್ನು ಮೂರು ತಲೆಮಾರಿನಿಂದ ಕಾಪಾಡಿಕೊಂಡು ಬಂದವರು. ಹೊಳೆನರಸೀಪುರದವರಿಗೆ ರಾಜಮುಡಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಮೈಸೂರು ಅರಸರಿಗೆ ಕಂದಾಯವಾಗಿ ಸಲ್ಲುತ್ತಿದ್ದ ಭತ್ತವೆಂಬ ಹೇಳಿಕೆ ಇಲ್ಲಿಯದೇ. ಆ ಹಿರಿಯರು ಒಮ್ಮೆ ಟಿ.ವಿ.ಯ ಕೃಷಿ ಕಾರ್ಯಕ್ರಮವೊಂದರಲ್ಲಿ ಮಾತನಾಡಿದ್ದರು. ತೆನೆ ಆಯುವಾಗ ಯಾವ ತೆನೆಯನ್ನು ಬಿಡಬೇಕು, ಯಾವುದನ್ನು ಇರಿಸಿಕೊಳ್ಳಬೇಕು, ಬೇರೆ ತಳಿಯ ಕಲಬೆರಕೆಯನ್ನು ಗಿಡದ ಬುಡದ ಬಣ್ಣದಿಂದಲೇ ಹೇಗೆ ಪತ್ತೆಹಚ್ಚಬೇಕು ಎಂಬುದನ್ನು ಗದ್ದೆಯಲ್ಲಿ ನಿಂತು ತೋರಿಸಿದ್ದರು. ಕಾರ್ಯಕ್ರಮ ಬರುವ ಹೊತ್ತು ಸಂಜೆ, ಅಂದರೆ ನಮ್ಮಲ್ಲಿ ಹಾಲು ಕರೆದು ಡೇರಿಗೆ ಹೋಗುವ ಹೊತ್ತು. ಆದ್ದರಿಂದ ನಮ್ಮ ತಾಯಿ ಅದನ್ನು ರೆಕಾರ್ಡರಿನಲ್ಲಿ ಮುದ್ರಿಸಿಟ್ಟಿದ್ದರು. ಎರಡು ವರ್ಷಗಳ ಬಳಿಕ ಆ ಹಿರಿಯರು ತೀರಿಕೊಂಡರು. ಅವರ ಮಗ ಬೆಂಗಳೂರಿನಿಂದ ಊರಿಗೆ ಮರಳಿ ಬೇಸಾಯಕ್ಕೆ ಇಳಿದಾಗ ತಂದೆಯ ಬೀಜದ ಮಡಕೆ ಇತ್ತು, ಆಯುವ ಕ್ರಮವನ್ನು ಹೇಳಿಕೊಡುವವರು ಇರಲಿಲ್ಲ. ಅವರು ನಮ್ಮ ಮನೆಗೆ ಬಂದು ಆ ಕಾರ್ಯಕ್ರಮವನ್ನು ಕೇಳಿದ ಹೊತ್ತಿಗೆ ಡಿಸ್ಕ್ ಟಕ್ ಟಕ್ ಎನ್ನಲು ತೊಡಗಿತ್ತು.

ಕಂಪನಿಯ ಸೇವಾ ಕೇಂದ್ರಕ್ಕೆ ಫೋನು ಮಾಡಿದರೆ, ಈ ಮಾದರಿಗೆ ಬಿಡಿಭಾಗ ಬರುವುದಿಲ್ಲ, ಹಳೆಯದನ್ನು ಕೊಟ್ಟು ಹೊಸ ಪೆಟ್ಟಿಗೆ ತೆಗೆದುಕೊಳ್ಳಿ ಎಂಬ ಉತ್ತರ ಬಂತು. ಮುದ್ರಿಸಿದ್ದು ಏನಾಗುತ್ತದೆ ಎಂದು ಕೇಳಿದ್ದಕ್ಕೆ, ಅದು ಹೋಗುತ್ತದೆ ಸಾರ್ ಎಂದರು. ಹಾಸನದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಯುವಕರೊಬ್ಬರು ಡಿಸ್ಕನ್ನು ಹೊರತೆಗೆದು, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಬಿಟ್ ಬಿಟ್ಟಾಗಿ ಹೊಸ ಡಿಸ್ಕಿಗೆ ನಕಲು ಮಾಡಲು ಕುಳಿತರು. ಆ ತಂತ್ರಾಂಶದ ಜಾಣ್ಮೆ ಏನೆಂದರೆ, ಮೊದಲು ಸುಲಭವಾಗಿ ಓದಲು ಬರುವ ಭಾಗಗಳನ್ನೆಲ್ಲ ತೆಗೆದುಕೊಂಡು, ಕೆಟ್ಟ ಭಾಗಗಳಿಗೆ ಆಮೇಲೆ ಹಿಂತಿರುಗುತ್ತದೆ. ಸಾಯುತ್ತಿರುವ ಡಿಸ್ಕನ್ನು ಒಂದೇ ಜಾಗದಲ್ಲಿ ಹಿಂಸಿಸುವುದಿಲ್ಲ. ಎರಡು ಹಗಲು, ಎರಡು ರಾತ್ರಿ ನಡೆಯಿತು. ಅದೃಷ್ಟವಶಾತ್ ನಮ್ಮ ಪೆಟ್ಟಿಗೆ ಆ ನಕಲನ್ನು ಒಪ್ಪಿತು. ಕೆಲವು ಮಾದರಿಗಳು ಡಿಸ್ಕಿನ ಕ್ರಮಸಂಖ್ಯೆಯನ್ನೇ ನೆನಪಿನಲ್ಲಿಟ್ಟುಕೊಂಡು ಬೇರೆಯದನ್ನು ತಿರಸ್ಕರಿಸುವುದುಂಟು.

ಆದರೂ ಆ ಮುದ್ರಣವನ್ನು ಪೆನ್ ಡ್ರೈವಿಗೆ ಹಾಕಿ ಮಗನಿಗೆ ಕೊಡಲಾಗಲಿಲ್ಲ. ಇಂಥ ಪೆಟ್ಟಿಗೆಗಳು ಬರೆದುಕೊಳ್ಳುವ ಚಿತ್ರವೆಲ್ಲ ಗೂಢಲಿಪಿಯಲ್ಲಿರುತ್ತದೆ. ಅದರ ಬೀಗದಕೈ ಆ ಪೆಟ್ಟಿಗೆಯಲ್ಲಿಯೇ ಇರುತ್ತದೆ. ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದರೆ ಅರ್ಥವಿಲ್ಲದ ಅಂಕಿಗಳಷ್ಟೇ ಕಾಣುತ್ತವೆ. ಸಿನಿಮಾದವರ ಹಕ್ಕುಗಳನ್ನು ರಕ್ಷಿಸಲು ಮಾಡಿದ ಏರ್ಪಾಡು ಇದು, ಅದಕ್ಕೆ ಕಾರಣವಿದೆಯೆಂಬುದನ್ನು ಒಪ್ಪುತ್ತೇನೆ. ಆದರೆ ಒಬ್ಬ ರೈತ ತನ್ನ ಗದ್ದೆಯಲ್ಲಿ ನಿಂತು ತನ್ನ ಬೀಜದ ಬಗ್ಗೆ ಆಡಿದ ಮಾತು ಅವನ ಮಗನಿಗೇ ದಕ್ಕದಂತೆ ಅದೇ ಬೀಗ ಕಾಯುತ್ತದೆಯಲ್ಲ, ಇದನ್ನು ಯಾವ ನ್ಯಾಯವೆಂದು ಕರೆಯಬೇಕೋ ತಿಳಿಯದು. ಕೊನೆಗೆ ಕಾರ್ಯಕ್ರಮವನ್ನು ಟಿ.ವಿ.ಯಲ್ಲಿ ಓಡಿಸಿ, ಎದುರಿಗೆ ಕ್ಯಾಮೆರಾ ಇಟ್ಟು ಚಿತ್ರಿಸಿಕೊಂಡೆವು. ಮಾತಿನ ನಡುವೆ ನಮ್ಮ ಮನೆಯ ಹುಂಜ ಎರಡು ಸಲ ಕೂಗಿದ್ದೂ ಅದರಲ್ಲಿ ಸೇರಿದೆ. ಮುಂದಿನ ಸುಗ್ಗಿಯಲ್ಲಿ ಆ ಮಗ ಅದನ್ನು ನೋಡಿಕೊಂಡೇ ತೆನೆ ಆಯ್ದರು. ನೀವು ಇಂಥ ಯಾವುದನ್ನಾದರೂ ಮುದ್ರಿಸಿಟ್ಟಿದ್ದರೆ, ಡಿಸ್ಕ್ ಚೆನ್ನಾಗಿರುವಾಗಲೇ ಹೀಗೆ ಪ್ರತಿ ಮಾಡಿಕೊಳ್ಳಿ. ರಾಜಮುಡಿಯನ್ನು ಹತ್ತು ವರ್ಷ ಮಡಕೆಯಲ್ಲಿಟ್ಟರೆ ಮೊಳೆಯುವುದಿಲ್ಲವೆಂದು ನಿಮಗೇ ಗೊತ್ತಿದೆ.

ಬದಲಿಸುವ ಕೆಲಸಕ್ಕೆ ಬರೋಣ. ಮೊದಲನೆಯದಾಗಿ, ಪೆಟ್ಟಿಗೆ ನಿಮ್ಮದೋ ಕಂಪನಿಯದೋ ಎಂದು ಕಾಗದಪತ್ರ ನೋಡಿ ಖಚಿತಪಡಿಸಿಕೊಳ್ಳಬೇಕು. ಹಲವು ಯೋಜನೆಗಳಲ್ಲಿ ಪೆಟ್ಟಿಗೆಯನ್ನು ಬಾಡಿಗೆಗೆ ಕೊಟ್ಟಿರುತ್ತಾರೆ; ಅಂಥದ್ದನ್ನು ಬಿಚ್ಚುವುದು ಒಪ್ಪಂದಕ್ಕೆ ವಿರುದ್ಧ. ನಮ್ಮದೇ ಆಗಿದ್ದು, ವಾರಂಟಿ ಮುಗಿದಿದ್ದರೆ ಅಡ್ಡಿಯಿಲ್ಲ.

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕೆಲವು ನಿಮಿಷ ಬಿಡಬೇಕು. ವಿದ್ಯುತ್ ಭಾಗದ ದೊಡ್ಡ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ ಹೊಡೆಯುವಷ್ಟು ಶಕ್ತಿ ಉಳಿದಿರುತ್ತದೆ. ಮುಚ್ಚಳ ತೆಗೆದ ಮೇಲೂ ಆ ಭಾಗದ ಕಡೆಗೆ ಕೈ ಹೋಗಬಾರದು; ವಿದ್ಯಾರ್ಥಿಗಳು ಇದನ್ನು ತಮಾಷೆಯೆಂದು ತಿಳಿಯದಿರಿ. ಬಿಚ್ಚುವ ಮುನ್ನ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡರೆ ಯಾವ ತಂತಿ ಎಲ್ಲಿತ್ತೆಂಬ ಗೊಂದಲ ಇರುವುದಿಲ್ಲ. ಡಿಸ್ಕಿಗೆ ಎರಡು ಸಂಪರ್ಕಗಳು. ಒಂದು ಮಾಹಿತಿಗೆ, ಒಂದು ವಿದ್ಯುತ್ತಿಗೆ. 2008ಕ್ಕಿಂತ ಹಳೆಯ ರೆಕಾರ್ಡರುಗಳಲ್ಲಿ ಅಗಲವಾದ ಪಟ್ಟಿ ತಂತಿಯ ಹಳೆಯ ಬಗೆಯ ಡಿಸ್ಕ್ ಇರಬಹುದು. ಅಂಥದ್ದು ಅಂಗಡಿಯಲ್ಲಿ ಸಿಗುವುದು ಈಗ ದುರ್ಲಭ, ಹಳೆಯ ಕಂಪ್ಯೂಟರಿನಿಂದ ಹುಡುಕಬೇಕು. ಡಿಸ್ಕನ್ನು ಬಿಗಿದ ತಿರುಪುಗಳ ಕೆಳಗೆ ರಬ್ಬರ್ ಬಿಲ್ಲೆಗಳಿರುತ್ತವೆ. ಅವು ಅದುರನ್ನು ತಡೆಯುತ್ತವೆ, ಕಳೆಯಬಾರದು.

ಹೊಸ ಡಿಸ್ಕ್ ಯಾವುದು? ಅಂಗಡಿಯಲ್ಲಿ ಸಿ.ಸಿ. ಕ್ಯಾಮೆರಾಕ್ಕೆಂದು ಮಾರುವ ಡಿಸ್ಕನ್ನು ಕೇಳಿ. ಹಗಲಿರುಳು ಬರೆಯುವುದಕ್ಕೆಂದೇ ಅದನ್ನು ರೂಪಿಸಿರುತ್ತಾರೆ. ವರ್ಷಕ್ಕೆ 180 ಟಿ.ಬಿ. ವರೆಗಿನ ಹೊರೆಗೆ ಅದು ಸಿದ್ಧ. ಗಾತ್ರದಲ್ಲಿ ದುರಾಸೆ ಬೇಡ. 500 ಜಿ.ಬಿ. ಇದ್ದ ಕಡೆ 500 ಅಥವಾ 1 ಟಿ.ಬಿ. ಸಾಕು. ಹಳೆಯ ಪೆಟ್ಟಿಗೆಗಳ ಒಳತಂತ್ರಾಂಶವು 2 ಟಿ.ಬಿ.ಗಿಂತ ದೊಡ್ಡದನ್ನು ಗುರುತಿಸುವುದಿಲ್ಲ, ಕೆಲವು ಇನ್ನೂ ಕಡಿಮೆಗೇ ನಿಲ್ಲುತ್ತವೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಬಹುದೇ ಎಂದು ಕೇಳುವವರಿದ್ದಾರೆ. ಹಾಕಬಹುದು. ಎಸ್‌ಎಸ್‌ಡಿಗೆ ಬರೆಯುವಿಕೆಯ ಮಿತಿಯಿದೆ, 500 ಜಿ.ಬಿ.ಯ ಒಳ್ಳೆಯ ಎಸ್‌ಎಸ್‌ಡಿಗೆ ತಯಾರಕರು 300 ಟಿ.ಬಿ. ಎಂದು ನಮೂದಿಸುತ್ತಾರೆ. ವರ್ಷಕ್ಕೆ 31 ಟಿ.ಬಿ.ಯಂತೆ ಒಂಬತ್ತು ವರ್ಷ ಬರುತ್ತದೆ, ಸದ್ದಿಲ್ಲ, ಶಾಖವೂ ಕಡಿಮೆ. ಅಗ್ಗದ, ಹೆಸರಿಲ್ಲದ ಎಸ್‌ಎಸ್‌ಡಿಗಳನ್ನು ಮಾತ್ರ ನಂಬಬೇಡಿ.

ಹೊಸ ಖಾಲಿ ಡಿಸ್ಕ್ ಹಾಕಿ ಚಾಲೂ ಮಾಡಿದಾಗ ಪೆಟ್ಟಿಗೆಯೇ ಅದನ್ನು ತನ್ನ ಕ್ರಮಕ್ಕೆ ಸಿದ್ಧಪಡಿಸಿಕೊಳ್ಳಲು ಅನುಮತಿ ಕೇಳುತ್ತದೆ. ಒಂದು ಎಚ್ಚರಿಕೆ: ಹಳೆಯ ಡಿಸ್ಕನ್ನು ಮಾಮೂಲಿ ಕಂಪ್ಯೂಟರಿಗೆ ಹಾಕಿದಾಗ, ಇದನ್ನು ಸಿದ್ಧಪಡಿಸಲೇ ಎಂದು ಕಂಪ್ಯೂಟರ್ ಕೇಳಿದರೆ ಖಂಡಿತ ಬೇಡವೆನ್ನಬೇಕು. ಒಪ್ಪಿದರೆ ಉಳಿದಿದ್ದ ಅಲ್ಪವೂ ಹೋದಂತೆಯೇ.

ಇನ್ನು ಹೊರಗೆ ಬಂದ ಹಳೆಯ ಡಿಸ್ಕು. ಇಲ್ಲಿಂದ ನನ್ನ ವೃತ್ತಿಯ ವಿಷಯ ಶುರುವಾಗುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕಿನವರು ಇಲ್ಲಿ ಇದ್ದೀರಿ. ನಿಮ್ಮ ನುಗ್ಗೇಹಳ್ಳಿ ಸೀಮೆಯ ಕರಿಕಲ್ಲಿನ ಪಟ್ಟಿಯಲ್ಲಿ, ಬೈರಾಪುರದಲ್ಲಿ ಕ್ರೋಮೈಟ್ ಅದಿರನ್ನು ದಶಕಗಳ ಕಾಲ ತೆಗೆಯಲಾಗಿದೆ. ಡಿಸ್ಕಿನ ಬಿಲ್ಲೆಯಲ್ಲಿರುವ ಕ್ರೋಮಿಯಂ ಬೈರಾಪುರದ್ದೇ ಎಂದು ನಾನು ಹೇಳುತ್ತಿಲ್ಲ. ಕ್ರೋಮೈಟಿನ ಬಹುಪಾಲು ಹೋಗುವುದು ತುಕ್ಕು ಹಿಡಿಯದ ಉಕ್ಕಿಗೆ. ಆದರೆ ಲೋಹವನ್ನು ನೆಲದಿಂದ ತೆಗೆಯುವುದೆಂದರೆ ಏನೆಂದು ತಿಳಿಯಲು ನಾವು ಕಾಂಗೋಗೋ ಚೀನಾಕ್ಕೋ ಹೋಗಬೇಕಾಗಿಲ್ಲ. ಆ ಗಣಿಗಳ ಸುತ್ತಲಿನ ಮಣ್ಣಿನಲ್ಲಿ ಕ್ರೋಮಿಯಂ, ನಿಕ್ಕಲ್, ಕೋಬಾಲ್ಟ್‌ಗಳ ಪ್ರಮಾಣ ಹೆಚ್ಚಿರುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಆ ಬಗೆಯ ಶಿಲೆಯಿಂದಾದ ಮಣ್ಣಿನಲ್ಲಿ ಈ ಲೋಹಗಳು ಸಹಜವಾಗಿಯೇ ಹೆಚ್ಚು, ಸುಣ್ಣಾಂಶ ಕಡಿಮೆ, ಮೆಗ್ನೀಸಿಯಂ ಅಧಿಕ. ಗಣಿಯು ಆಳದಲ್ಲಿದ್ದುದನ್ನು ಮೇಲಕ್ಕೆ ತಂದು, ಪುಡಿಮಾಡಿ, ಮಳೆನೀರಿಗೆ ಒಡ್ಡುತ್ತದೆ. ಅದಿರಿನಲ್ಲಿರುವ ಕ್ರೋಮಿಯಂ ಬಹುಮಟ್ಟಿಗೆ ಜಡರೂಪದ್ದು. ಅದರಲ್ಲೊಂದು ಪಾಲು ಮಣ್ಣಿನ ಮ್ಯಾಂಗನೀಸ್ ಆಕ್ಸೈಡುಗಳ ಸಂಪರ್ಕದಲ್ಲಿ ನೀರಿನಲ್ಲಿ ಕರಗುವ ವಿಷರೂಪಕ್ಕೆ ಬದಲಾಗಬಲ್ಲದು. ಒಮ್ಮೆ ಇಷ್ಟು ಬೆಲೆ ತೆತ್ತು ಹೊರತೆಗೆದ ಲೋಹವನ್ನು ಮತ್ತೆ ಚರಂಡಿಗೆ ಎಸೆಯುವುದು ದುಂದು.

ಬೆಲೆಯ ಮಾತು ಬಂದಾಗ ಇನ್ನೆರಡು ಘಟನೆಗಳು ನೆನಪಾಗುತ್ತವೆ. 2011ರಲ್ಲಿ ಥಾಯ್ಲೆಂಡಿನ ಚಾವೊ ಫ್ರಾಯ ನದಿಯ ಮಹಾಪೂರದಲ್ಲಿ ಹಾರ್ಡ್ ಡಿಸ್ಕಿನ ಕಾರ್ಖಾನೆಗಳು ಮುಳುಗಿದವು. ಆ ವರ್ಷಾಂತ್ಯದಲ್ಲಿ ಜಗತ್ತಿನಾದ್ಯಂತ ಡಿಸ್ಕಿನ ಬೆಲೆ ಏರಿತು. 2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ವಿರಳ ಲೋಹಗಳ ಮತ್ತು ಅವುಗಳ ಅಯಸ್ಕಾಂತಗಳ ರಫ್ತಿಗೆ ನಿರ್ಬಂಧ ಹಾಕಿದಾಗ ನಮ್ಮ ದೇಶದ ವಾಹನ ತಯಾರಕರೂ ಕಂಗೆಟ್ಟರು. ಅದೇ ಹೊತ್ತಿನಲ್ಲಿ ಬಲವಾದ ಅಯಸ್ಕಾಂತಗಳಿದ್ದ ಎಷ್ಟೋ ಡಿಸ್ಕುಗಳು ಗುಜರಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಅಲ್ಯೂಮಿನಿಯಂ ದರಕ್ಕೆ ಹೋಗುತ್ತಿದ್ದವು.

ಗುಜರಿಯವರನ್ನು ನಾನು ದೂರುವುದಿಲ್ಲ. ಅವರು ಸೈಕಲ್ಲಿನಲ್ಲಿ ಊರೂರು ಸುತ್ತದಿದ್ದರೆ ನಮ್ಮ ಹಿತ್ತಿಲುಗಳು ಎಂದೋ ತುಂಬಿಹೋಗುತ್ತಿದ್ದವು. ಅಪಾಯವಿರುವುದು ತಂತಿಯ ತಾಮ್ರಕ್ಕಾಗಿ ಪ್ಲಾಸ್ಟಿಕ್ಕನ್ನು ಸುಡುವುದರಲ್ಲಿ. ಪಿ.ವಿ.ಸಿ. ಹೊದಿಕೆ ಸುಟ್ಟಾಗ ಡಯಾಕ್ಸಿನ್ ಎಂಬ ಘೋರ ವಿಷಗಳು ಹುಟ್ಟುತ್ತವೆ. ಹಳೆಯ ಸರ್ಕ್ಯೂಟ್ ಹಲಗೆಗಳ ಬೆಸುಗೆಯಲ್ಲಿ ಸೀಸವಿದೆ. ಹಾರ್ಡ್ ಡಿಸ್ಕಿನಲ್ಲಿ ಕ್ಯಾಡ್ಮಿಯಂ ಇಲ್ಲ. ಆದರೆ ಅದೇ ಮೂಟೆಯಲ್ಲಿ ಬರುವ ಹಳೆಯ ಕಾರ್ಡ್‌ಲೆಸ್ ಫೋನಿನ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯಲ್ಲಿ ಇದೆ. ಸುಟ್ಟ ಬೂದಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುತ್ತದೆ. ಸಗಣಿ ಕೊಳೆಯುತ್ತದೆ, ಲೋಹ ಕೊಳೆಯುವುದಿಲ್ಲ.

ಮಲೆನಾಡಿನ ಮತ್ತು ಅರೆಮಲೆನಾಡಿನ ನಮ್ಮ ಮಣ್ಣು ಹುಳಿ ಮಣ್ಣು. ಹುಳಿ ಹೆಚ್ಚಿದಷ್ಟೂ ಕ್ಯಾಡ್ಮಿಯಂ ಬೇರಿಗೆ ಸುಲಭವಾಗಿ ಸಿಗುತ್ತದೆ. ಅದನ್ನು ಎಲೆಯಲ್ಲಿ ಕೂಡಿಟ್ಟುಕೊಳ್ಳುವುದರಲ್ಲಿ ಹೊಗೆಸೊಪ್ಪು ಹಲವು ಬೆಳೆಗಳಿಗಿಂತ ಮುಂದು. ರಾಮನಾಥಪುರದ ಹರಾಜು ಕಟ್ಟೆಗೆ ಸೊಪ್ಪು ಹಾಕುವ ಅರಕಲಗೂಡಿನ ಬೆಳೆಗಾರರು ಇದನ್ನು ತಿಳಿದಿರಬೇಕು. ಭತ್ತದ ಗದ್ದೆಯಲ್ಲಿ ನೀರು ನಿಂತಿರುವಷ್ಟು ಕಾಲ ಕ್ಯಾಡ್ಮಿಯಂ ಗಂಧಕದೊಡನೆ ಸೇರಿ ಕರಗದೆ ಕೂತಿರುತ್ತದೆ. ಕಾಳು ಕಟ್ಟುವ ಹೊತ್ತಿಗೆ ನೀರು ಬಸಿದರೆ ಮತ್ತೆ ಬಿಡುಗಡೆಯಾಗಿ ಕಾಳಿಗೇರುತ್ತದೆ. ಸೀಸ ಹಾಗಲ್ಲ, ಮೇಲ್ಮಣ್ಣಿನಲ್ಲಿಯೇ ತಲೆಮಾರುಗಟ್ಟಲೆ ಕೂರುತ್ತದೆ. ಮಣ್ಣಿನಲ್ಲಿ ಆಡುವ ಮಕ್ಕಳ ಕೈಯಿಂದ ಬಾಯಿಗೆ ಹೋಗುತ್ತದೆ. ಹೊಲಕ್ಕೆ ಸುಣ್ಣ ಹಾಕಿ ಈ ಲೋಹಗಳ ಚಲನೆಯನ್ನು ತಗ್ಗಿಸಬಹುದು, ತೆಗೆದುಹಾಕಲು ಆಗುವುದಿಲ್ಲ. ಆದ್ದರಿಂದ ತಂತಿ ಸುಟ್ಟ ಜಾಗದ ಬೂದಿಯನ್ನು ಗೊಬ್ಬರದ ಗುಂಡಿಗೆ ಸೇರಿಸಲೇಬೇಡಿ.

ಕಾನೂನು ಇದೆ. ಇ-ತ್ಯಾಜ್ಯ ನಿಯಮಗಳು ಮೊದಲು 2011ರಲ್ಲಿ ಬಂದವು, 2016ರಲ್ಲಿ ಬದಲಾದವು. 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತಯಾರಿಸಿದವನೇ ಮರುಬಳಕೆಯ ಹೊಣೆಯನ್ನೂ ಹೊರಬೇಕೆಂಬುದು ಅವುಗಳ ತಿರುಳು. ಸೆಟ್ ಟಾಪ್ ಬಾಕ್ಸು, ವಿಡಿಯೋ ರೆಕಾರ್ಡರುಗಳೂ ಈಗಿನ ಪಟ್ಟಿಯಲ್ಲಿವೆ. ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ 2005ರ ಹೊತ್ತಿಗೇ ಇ-ಪರಿಸರ ಎಂಬ ಅಧಿಕೃತ ಮರುಬಳಕೆ ಘಟಕ ಆರಂಭವಾಗಿತ್ತು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಅದೇ ಡಿಸೆಂಬರ್‌ನಲ್ಲಿ ಒಂದು ಅಂತರ್ಜಾಲ ತಾಣವನ್ನೂ ತೆರೆಯಿತು. ಯುರೋಪಿನಲ್ಲಿ 2024ರಲ್ಲಿ ಈ ಹಕ್ಕನ್ನು ಕಾನೂನಾಗಿಯೇ ಮಾಡಿದರು. ನಮ್ಮಲ್ಲಿ ಅದು ಇನ್ನೂ ಕಂಪನಿಗಳು ಒಪ್ಪಿದಷ್ಟೇ ನಡೆಯುವ ಮಾತು. ರಾಜಧಾನಿಯಲ್ಲಿ ಬರೆದ ನಿಯಮ ಅರಕಲಗೂಡಿನ ಹಳ್ಳಿಗೆ ಬರುವಾಗ ಬಸ್ಸು ತಪ್ಪಿಸಿಕೊಂಡಿರುತ್ತದೆ.

ಹಾಗಾಗಿ ನನ್ನ ಸಲಹೆ ಚಿಕ್ಕದು. ಕಾಲೇಜುಗಳಲ್ಲಿ ಒಂದೊಂದು ಪೆಟ್ಟಿಗೆಯಿಟ್ಟು ಊರಿನ ಕೆಟ್ಟ ಡಿಸ್ಕು, ಸರ್ಕ್ಯೂಟ್ ಹಲಗೆ, ಬ್ಯಾಟರಿಗಳನ್ನು ಬೇರೆ ಬೇರೆಯಾಗಿ ಕೂಡಿಹಾಕಿ, ವರ್ಷಕ್ಕೊಮ್ಮೆ ಒಂದು ಗಾಡಿಯಲ್ಲಿ ಅಧಿಕೃತ ಮರುಬಳಕೆದಾರರಿಗೆ ಕಳುಹಿಸಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಅವರ ಪಟ್ಟಿ ಸಿಗುತ್ತದೆ. ಕಳುಹಿಸಿದ್ದಕ್ಕೆ ರಶೀದಿ ಪಡೆಯಿರಿ. ಕ್ಯಾಮೆರಾದ ಡಿಸ್ಕುಗಳಲ್ಲಿ ಮನೆಯವರ ಚಿತ್ರಗಳಿರುವುದರಿಂದ ಕೊಡುವ ಮುನ್ನ ಅಳಿಸಬೇಕು, ಓದಲು ಬಾರದಂತೆ ಕೆಟ್ಟಿದ್ದರೆ ಬಿಲ್ಲೆಗೆ ತೂತು ಹೊಡೆಯಬೇಕು.

ನಮ್ಮ ಮನೆಯ ಆ ಸತ್ತ ಡಿಸ್ಕನ್ನು ಮುಚ್ಚಳ ಬಿಚ್ಚಿ ತಂದಿದ್ದೇನೆ. ಮುಂದಿನ ಸಾಲಿನಿಂದ ಕೈಯಿಂದ ಕೈಗೆ ದಾಟಿಸಿ. ಬಿಲ್ಲೆಯನ್ನು ಬಗ್ಗಿಸಲು ನೋಡಬೇಡಿ. ಕೆಲವು ಡಿಸ್ಕುಗಳಲ್ಲಿ ಅದು ಗಾಜಿನದಾಗಿದ್ದು ಚೂರುಚೂರಾಗಿ ಸಿಡಿಯುತ್ತದೆ. ಮೂಲೆಯಲ್ಲಿರುವ ಅಯಸ್ಕಾಂತವನ್ನು ಬೇರೆಯಾಗಿ ಒಂದು ಬಟ್ಟೆಯಲ್ಲಿ ಸುತ್ತಿದ್ದೇನೆ. ಅದನ್ನು ತೆಗೆದು ನೋಡುವವರು ಮೊದಲು ಕೈಗಡಿಯಾರವನ್ನೂ ಎ.ಟಿ.ಎಂ. ಕಾರ್ಡನ್ನೂ ದೂರವಿಡಿ. ಎರಡು ತುಂಡುಗಳ ನಡುವೆ ಬೆರಳು ಸಿಕ್ಕಿಸಿಕೊಳ್ಳಬೇಡಿ, ರಕ್ತ ಹೆಪ್ಪುಗಟ್ಟುವಷ್ಟು ಬಿಗಿಯಾಗಿ ಹಿಡಿಯುತ್ತದೆ. ಎಲ್ಲರೂ ನೋಡಿ ಮುಗಿಸುವಷ್ಟರಲ್ಲಿ ನಿಮ್ಮ ಪ್ರಶ್ನೆಗಳನ್ನು ತೆಗೆದುಕೊಳ್ಳುತ್ತೇನೆ.